ಹಳೆಯ ವಿಳಾಸವನ್ನು ಬಿಡದ ಶೆಲ್

ಹೊಸ ಯೋಜನೆಯೊಂದಕ್ಕೆ ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ (ಯೋಜನೆಗೊಂದು ಪ್ರತ್ಯೇಕ ಪರಿಸರ) ಬದಲಿಸಿಕೊಂಡು ಕೆಲಸಕ್ಕೆ ಕುಳಿತಿದ್ದೆ. ಕೋಡ್‌ನ ಪರೀಕ್ಷೆಗಳನ್ನು ಓಡಿಸಲು ‘ಪೈಟೆಸ್ಟ್’ ಎಂದು ಟೈಪ್ ಮಾಡಿದರೆ, ಬೇಕಾದ ಲೈಬ್ರರಿಯೇ ಇಲ್ಲವೆಂಬ ದೂರು. ಈ ಪರಿಸರದಲ್ಲಿ ಪೈಟೆಸ್ಟ್ ಹಾಕಿರಲಿಲ್ಲ, ಓಡಿದ್ದು ಇಡೀ ಕಂಪ್ಯೂಟರಿಗೆ ಸೇರಿದ ಹಳೆಯ ಪ್ರತಿ ಎಂದು ಅರ್ಥವಾಯಿತು. ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ‘ಪಿಪ್’ ಬಳಸಿ ಇಲ್ಲಿಯೂ ಹಾಕಿಕೊಂಡೆ. ಮತ್ತೆ ಓಡಿಸಿದೆ. ಮತ್ತೆ ಅದೇ ದೂರು! ಕಮಾಂಡ್ ಎಲ್ಲಿದೆ ಎಂದು ತಿಳಿಯಲು ‘ವಿಚ್ ಪೈಟೆಸ್ಟ್’ ಎಂದು ಕೇಳಿದರೆ ಹೊಸ ಪರಿಸರದ ವಿಳಾಸವನ್ನೇ ತೋರಿಸುತ್ತಿತ್ತು. ತೋರಿಸುವುದು ಒಂದು, ಓಡುವುದು ಇನ್ನೊಂದು.

ಒಂದು ಯೋಜನೆಗೆ ಲೈಬ್ರರಿಯ ಹಳೆಯ ಆವೃತ್ತಿ ಬೇಕು, ಮತ್ತೊಂದಕ್ಕೆ ಹೊಸದು. ಎರಡೂ ಜಗಳವಾಡದಂತೆ ಬೇರೆ ಬೇರೆ ಮನೆ ಮಾಡಿಕೊಡುವುದೇ ಈ ಪರಿಸರಗಳ ಕೆಲಸ. 2012ರಲ್ಲಿ ಬಂದ ಪೈಥಾನ್ 3.3ರಿಂದ ಈ ಸೌಲಭ್ಯ ಪೈಥಾನ್ ಜೊತೆಗೇ ಬರುತ್ತಿದೆ. ಪರಿಸರವನ್ನು ಸಕ್ರಿಯಗೊಳಿಸುವುದೆಂದರೆ ದೊಡ್ಡ ಮಾಯೆಯೇನಲ್ಲ. ನಾವು ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ ಶೆಲ್. ಅದರ ಬಳಿ ‘ಪಾತ್’ ಎಂಬ ಪಟ್ಟಿಯೊಂದಿದೆ; ಕಮಾಂಡ್‌ಗಳನ್ನು ಯಾವ ಯಾವ ಡೈರೆಕ್ಟರಿಯಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದು ಅದರಲ್ಲಿದೆ. ಸಕ್ರಿಯಗೊಳಿಸಿದಾಗ ಪರಿಸರದ ‘ಬಿನ್’ ಡೈರೆಕ್ಟರಿ ಆ ಪಟ್ಟಿಯ ತಲೆಯ ಮೇಲೆ ಕೂರುತ್ತದೆ. ಮುಖ್ಯವಾದ ಬದಲಾವಣೆ ಇಷ್ಟೇ.

ಹಾಗಿದ್ದರೆ ಪಟ್ಟಿಯ ಮೊದಲಲ್ಲೇ ಇರುವ ಹೊಸ ಪೈಟೆಸ್ಟನ್ನು ಶೆಲ್ ಬಿಟ್ಟದ್ದೇಕೆ? ಅದು ಹುಡುಕಲೇ ಇಲ್ಲ. ಬ್ಯಾಷ್ ಎಂಬ ಶೆಲ್ ಒಂದು ಕಮಾಂಡನ್ನು ಮೊದಲ ಸಲ ಪತ್ತೆ ಮಾಡಿದ ಮೇಲೆ ಅದರ ಪೂರ್ತಿ ವಿಳಾಸವನ್ನು ಒಂದು ಹ್ಯಾಶ್ ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ನೇರವಾಗಿ ಅಲ್ಲಿಗೇ ಹೋಗುತ್ತದೆ. ಡಿಸ್ಕ್‌ಗಳು ನಿಧಾನವಾಗಿದ್ದ ಕಾಲದಲ್ಲಿ ಪ್ರತಿ ಕಮಾಂಡಿಗೂ ಹತ್ತಾರು ಡೈರೆಕ್ಟರಿ ತಡಕುವುದು ದುಬಾರಿಯಾಗಿತ್ತು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ನಲ್ಲೂ ಇಂಥ ಕೋಷ್ಟಕವಿತ್ತು. ಅದನ್ನು ಹೊಸದಾಗಿ ಕಟ್ಟಲೆಂದೇ ‘ರೀಹ್ಯಾಶ್’ ಎಂಬ ಕಮಾಂಡ್ ಇತ್ತು.

ಪಾತ್ ಬದಲಾದ ಕೂಡಲೇ ಬ್ಯಾಷ್ ಆ ಕೋಷ್ಟಕವನ್ನು ತಾನೇ ಅಳಿಸುತ್ತದೆ. ಆದ್ದರಿಂದ ಪರಿಸರ ಬದಲಿಸಿದ ಗಳಿಗೆಯಲ್ಲಿ ತೊಂದರೆಯಿಲ್ಲ. ತೊಂದರೆ ಆಮೇಲಿನದು. ನಾನು ಒಮ್ಮೆ ಹಳೆಯ ಪೈಟೆಸ್ಟನ್ನು ಓಡಿಸಿದೆ, ವಿಳಾಸ ದಾಖಲಾಯಿತು. ನಂತರ ಹೊಸದನ್ನು ಹಾಕಿದೆ, ಆದರೆ ಪಾತ್ ಬದಲಾಗಲಿಲ್ಲ. ಕೋಷ್ಟಕವನ್ನು ಅಳಿಸಲು ಶೆಲ್‌ಗೆ ಕಾರಣವೇ ಸಿಗಲಿಲ್ಲ.

‘ವಿಚ್’ ನನ್ನನ್ನು ದಾರಿ ತಪ್ಪಿಸಿದ್ದಕ್ಕೂ ಕಾರಣವಿದೆ. ಲಿನಕ್ಸ್‌ನಲ್ಲಿ ಬ್ಯಾಷ್ ಬಳಸುವಾಗ ಅದು ಸಾಮಾನ್ಯವಾಗಿ ಪ್ರತ್ಯೇಕ ಪ್ರೋಗ್ರಾಂ. ಪಾತ್ ಪಟ್ಟಿಯನ್ನು ತಾನೇ ಹೊಸದಾಗಿ ಹುಡುಕುತ್ತದೆ, ಶೆಲ್‌ನ ನೆನಪಿನೊಳಗೆ ಇಣುಕಲಾರದು. ಕೇಳಬೇಕಾದದ್ದು ಶೆಲ್‌ನೊಳಗೇ ಇರುವ ‘ಟೈಪ್’ ಕಮಾಂಡನ್ನು. ‘ಟೈಪ್ ಪೈಟೆಸ್ಟ್’ ಎಂದಾಗ ಅದು ‘ಹ್ಯಾಶ್ಡ್’ ಎಂಬ ಪದದ ಜೊತೆ ಹಳೆಯ ವಿಳಾಸವನ್ನು ಮುಂದಿಟ್ಟಿತು. ಆ ಒಂದೇ ಸಾಲು ನೋಡಿದಾಗ ಆದ ಸಂತೋಷ ಈಗಲೂ ನೆನಪಿದೆ.

ಪರಿಹಾರ ‘ಹ್ಯಾಶ್ -ಆರ್’. ಕೋಷ್ಟಕ ಬರಿದಾಗುತ್ತದೆ, ಮುಂದಿನ ಕಮಾಂಡನ್ನು ಶೆಲ್ ಮೊದಲಿನಿಂದ ಹುಡುಕುತ್ತದೆ. ‘ಪೈಥಾನ್ -ಎಂ ಪೈಟೆಸ್ಟ್’ ಎಂದು ಬರೆಯುವುದು ನನಗೆ ಇನ್ನೂ ಹೆಚ್ಚು ಇಷ್ಟ: ಆಗ ಪೈಟೆಸ್ಟ್ ಎಲ್ಲಿದೆ ಎಂದು ಹುಡುಕುವುದು ಶೆಲ್ ಅಲ್ಲ, ಆ ಪರಿಸರದ ಪೈಥಾನ್. ಟರ್ಮಿನಲ್ ಮುಚ್ಚಿ ತೆರೆದರೂ ಸರಿಹೋಗುತ್ತದೆ ನಿಜ; ಆದರೆ ರೋಗ ಯಾವುದೆಂದು ತಿಳಿಯುವುದಿಲ್ಲ.

ಪರಿಸರವನ್ನು ಸಕ್ರಿಯಗೊಳಿಸುವ ಕಡತವನ್ನು ‘ಸೋರ್ಸ್’ (ಈಗಿನ ಶೆಲ್‌ನೊಳಗೇ ಓಡಿಸು) ಎಂಬ ಪದವಿಲ್ಲದೆ ಓಡಿಸಿದರೆ ಏನೂ ಆಗದಿರುವುದು ಇನ್ನೊಂದು ಸಾಮಾನ್ಯ ಗೊಂದಲ. ಆಗ ಅದು ಮರಿ ಪ್ರಕ್ರಿಯೆಯಲ್ಲಿ ಓಡುತ್ತದೆ. ಮರಿ ಮಾಡಿಕೊಂಡ ಬದಲಾವಣೆ ತಾಯಿ ಶೆಲ್‌ಗೆ ತಲುಪುವುದಿಲ್ಲ.

ಪರಿಸರದ ಡೈರೆಕ್ಟರಿಯನ್ನೇ ಬೇರೆಡೆಗೆ ಸರಿಸಿದಾಗ ಮಾತ್ರ ಈ ಯಾವ ಮದ್ದೂ ನಾಟುವುದಿಲ್ಲ. ಅಲ್ಲಿನ ‘ಪಿಪ್’ ಕಡತವನ್ನು ತೆರೆದು ಮೊದಲ ಸಾಲು ನೋಡಿ: ಅದನ್ನು ಓಡಿಸಬೇಕಾದ ಪೈಥಾನ್ ಇದ್ದ ಹಳೆಯ ಜಾಗದ ಪೂರ್ತಿ ವಿಳಾಸ ಅಲ್ಲಿದೆ. ಪಿಪ್ ಕಣ್ಣೆದುರಿಗೇ ಇದ್ದರೂ ಶೆಲ್ ‘ಅಂಥ ಕಡತವಿಲ್ಲ’ ಎನ್ನುವುದು ಆ ಪೈಥಾನ್ ಬಗ್ಗೆ. ನಾನಂತೂ ಅದನ್ನು ತೇಪೆ ಹಚ್ಚಲು ಹೋಗುವುದಿಲ್ಲ. ಲೈಬ್ರರಿಗಳ ಪಟ್ಟಿಯನ್ನು ಜೋಪಾನವಾಗಿಟ್ಟು, ಪರಿಸರವನ್ನು ಅಳಿಸಿ, ಹೊಸ ಜಾಗದಲ್ಲಿ ಮತ್ತೆ ಕಟ್ಟುತ್ತೇನೆ.