ಜಮೈಕಾ ಬೇ ದಡದಲ್ಲಿ ಗಂಗೆ ಕಂಡವರು, ಆ ದಡ ಗುಡಿಸುವ ಮೊಮ್ಮಕ್ಕಳು

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಕೆನಡಿ ವಿಮಾನ ನಿಲ್ದಾಣಕ್ಕೆ ತಾಗಿಕೊಂಡೇ ಜಮೈಕಾ ಬೇ ಅನ್ನುವ ಉಪ್ಪುನೀರಿನ ಕೊಲ್ಲಿ ಇದೆ. ನೀರು ಇಳಿದ ಹೊತ್ತಲ್ಲಿ ದಡದ ಮೇಲೆ ನಡೆದರೆ ತೆಂಗಿನಕಾಯಿ, ಮರಳಲ್ಲಿ ಅರ್ಧ ಹೂತುಹೋದ ಸೀರೆ, ಮಣ್ಣಿನ ಹಣತೆ, ಕೆಂಪು ಬಾವುಟ, ಒಮ್ಮೊಮ್ಮೆ ಕೈ ಮುರಿದ ದೇವರ ಮೂರ್ತಿಯೂ ಕಾಣುತ್ತದೆ. ನೋಡಿದವರಿಗೆ ಅದು ಕಸ. ತಂದು ಬಿಟ್ಟವರಿಗೆ ಗಂಗಾಮಾತೆಗೆ ಕೊಟ್ಟ ಕಾಣಿಕೆ. ಈ ಜಾಗ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಲಿದೆ. ಪೂಜೆ ಮಾಡಿ, ಆದರೆ ಏನನ್ನೂ ಬಿಟ್ಟುಹೋಗಬೇಡಿ ಅನ್ನೋದು ಅವರ ನಿಯಮ. ಕೊಟ್ಟದ್ದನ್ನು ವಾಪಸ್ ಎತ್ಕೊಂಡು ಹೋಗೋದು ಹೇಗೆ ಅನ್ನೋದು ಭಕ್ತರ ಪ್ರಶ್ನೆ. ಈ ಎರಡರ ನಡುವೆ ಕಸದ ಚೀಲ ಹಿಡಿದು ನಿಂತವರು ಆ ಭಕ್ತರದೇ ಮಕ್ಕಳು, ಮೊಮ್ಮಕ್ಕಳು.

ಇವರಲ್ಲಿ ಹೆಚ್ಚಿನವರ ಅಪ್ಪ ಅಮ್ಮ ಭಾರತದಿಂದ ಬಂದವರಲ್ಲ. ದಕ್ಷಿಣ ಅಮೆರಿಕದ ಗಯಾನಾ, ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ನಿಂದ ಬಂದವರು. ಅದೇ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣೇಶ ದೇವಸ್ಥಾನ ಇದೆ, ನಮ್ಮ ಕಡೆಯವರು ಅಲ್ಲಿಗೆ ಹೋಗಿ ಕೈಮುಗಿದು ದೋಸೆ ತಿಂದು ಬರ್ತಾರೆ. ಆದರೆ ಕೆಲವೇ ಮೈಲಿ ದೂರದ ರಿಚ್ಮಂಡ್ ಹಿಲ್‌ನಲ್ಲಿ ಇಷ್ಟು ದೊಡ್ಡ ಹಿಂದೂ ಸಮುದಾಯ ಇದೆ ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಈ ಕಥೆ ಶುರುವಾಗೋದು 1838ರಲ್ಲಿ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾಗಿತ್ತು, ಕಬ್ಬಿನ ತೋಟದ ಮಾಲೀಕರಿಗೆ ಆಳುಗಳು ಬೇಕಿತ್ತು. ಕಲ್ಕತ್ತಾದಿಂದ ಹೊರಟ ವಿಟ್ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಆ ವರ್ಷದ ಮೇ ತಿಂಗಳಲ್ಲಿ ಬ್ರಿಟಿಷ್ ಗಯಾನಾ ಮುಟ್ಟಿದವು. 1845ರಲ್ಲಿ ಫತೇಲ್ ರಜಾಕ್ ಹಡಗು ಟ್ರಿನಿಡಾಡ್‌ಗೆ ಹೋಯಿತು. 1917ರಲ್ಲಿ ಈ ಸಾಗಣೆ ನಿಲ್ಲುವ ಹೊತ್ತಿಗೆ ಗಯಾನಾಕ್ಕೆ ಸುಮಾರು 2.39 ಲಕ್ಷ, ಟ್ರಿನಿಡಾಡ್‌ಗೆ ಸುಮಾರು 1.44 ಲಕ್ಷ ಜನ ಹೋಗಿದ್ದರು. ಹೆಚ್ಚಿನವರು ಭೋಜಪುರಿ ಮಾತಾಡುವ ಬಿಹಾರ, ಉತ್ತರ ಪ್ರದೇಶದ ಕಡೆಯವರು, ಒಂದಷ್ಟು ಜನ ಮದ್ರಾಸಿನಿಂದ ಹಡಗು ಹತ್ತಿದವರು. ಐದು ವರ್ಷದ ಕರಾರು, ಅಪ್ಪಣೆ ಚೀಟಿ ಇಲ್ಲದೆ ತೋಟ ಬಿಟ್ಟು ಹೊರಗೆ ಕಾಲಿಡುವಂತಿಲ್ಲ.

ಆ ಪರಿಸ್ಥಿತಿಯಲ್ಲಿ ಧರ್ಮ ಉಳಿದದ್ದು ಹೇಗೆ? ಇದ್ದದ್ದರಲ್ಲೇ ಮಾಡಿಕೊಂಡು. ಗಂಗೆ ಇಲ್ಲ, ಹಾಗಾಗಿ ಹತ್ತಿರದ ನದಿಯೋ ಸಮುದ್ರವೋ ಗಂಗೆಯಾಯಿತು. ದೊಡ್ಡ ಗುಡಿ ಕಟ್ಟೋಕೆ ದುಡ್ಡಿಲ್ಲ, ಹಾಗಾಗಿ ಮನೆ ಮುಂದೆ ಬಿದಿರು ನೆಟ್ಟು ಹನುಮಂತನ ಕೆಂಪು ಬಾವುಟ ಕಟ್ಟಿದರು. ಅದಕ್ಕೆ ಝಂಡಿ ಅಂತಾರೆ. ಹಡಗಿನಲ್ಲಿ ಒಂದೇ ಕಡೆ ಉಂಡು ಮಲಗಿ ಬಂದವರ ನಡುವೆ ಜಾತಿಯ ಕಟ್ಟು ಊರಲ್ಲಿದ್ದಷ್ಟು ಬಿಗಿಯಾಗಿ ಉಳಿಯಲಿಲ್ಲ. ಪೂರ್ತಿ ಹೋಯಿತು ಅಂತಲ್ಲ, ಪೌರೋಹಿತ್ಯದಲ್ಲಿ ಬ್ರಾಹ್ಮಣರ ಮಾತೇ ನಡೆಯುತ್ತಿತ್ತು. ಇನ್ನು ಸರ್ಕಾರದ ಲೆಕ್ಕದಲ್ಲಿ ಹಿಂದೂ ಮದುವೆಗೆ ಬೆಲೆಯೇ ಇರಲಿಲ್ಲ. ಟ್ರಿನಿಡಾಡ್‌ನಲ್ಲಿ ಅದಕ್ಕೊಂದು ಕಾನೂನು ಬಂದದ್ದು 1945ರಲ್ಲಿ. ಅಲ್ಲಿವರೆಗೂ ಪಂಡಿತರು ಮಾಡಿಸಿದ ಮದುವೆಯ ಮಕ್ಕಳು ಕಾಗದದ ಮೇಲೆ ಅಕ್ರಮ ಸಂತಾನ. ಗಯಾನಾದಲ್ಲಿ ಶಾಲೆಗಳು ಚರ್ಚುಗಳ ಕೈಲಿದ್ದವು, ಮೇಷ್ಟ್ರ ಕೆಲಸ ಬೇಕು ಅಂದರೆ ಎಷ್ಟೋ ಜನ ಮತ ಬದಲಿಸಬೇಕಾಯಿತು.

ಟ್ರಿನಿಡಾಡ್‌ನ ಸೀವ್‌ದಾಸ್ ಸಾಧು ಅವರ ಕಥೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ತೋಟದ ಕೂಲಿ. 1947ರಲ್ಲಿ ವಾಟರ್‌ಲೂ ಎಂಬ ಊರಿನ ಕಡಲ ದಂಡೆಯಲ್ಲಿ ಒಂದು ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದು, ಗುಡಿ ತೆಗಿ ಅಂದರು, ಇವರು ತೆಗೆಯಲಿಲ್ಲ. 1952ರಲ್ಲಿ ಗುಡಿ ಕೆಡವಿದರು, ಇವರಿಗೆ ದಂಡ ಹಾಕಿ 14 ದಿನ ಜೈಲಿಗೂ ಕಳಿಸಿದರು. ಹೊರಗೆ ಬಂದ ಮೇಲೆ ಅವರು ಮಾಡಿದ್ದು ಏನು ಗೊತ್ತಾ? ಸಮುದ್ರ ಯಾವ ಕಂಪನಿಯದೂ ಅಲ್ವಲ್ಲ, ಸೀದಾ ನೀರಿಗೇ ಇಳಿದರು. ಸೈಕಲ್ ಮೇಲೆ ಕಲ್ಲು, ಸಿಮೆಂಟ್ ಹೊತ್ತು ತಂದು, ನೀರು ಇಳಿದಾಗ ಸುರಿದು, ದಡದಿಂದ ಸುಮಾರು 500 ಅಡಿ ಒಳಗೆ ವರ್ಷಗಟ್ಟಲೆ ದುಡಿದು ಇನ್ನೊಂದು ಗುಡಿ ಎಬ್ಬಿಸಿದರು. ಅಲೆಗಳ ಹೊಡೆತಕ್ಕೆ ಅದು ಹಾಳಾಗಿತ್ತು. 1995ರಲ್ಲಿ, ಭಾರತೀಯರು ಬಂದು 150 ವರ್ಷವಾದಾಗ ಮತ್ತೆ ಕಟ್ಟಿದರು. ಇವತ್ತಿಗೂ ಜನ ಅಲ್ಲಿಗೆ ಹೋಗ್ತಾರೆ.

ಅಮೆರಿಕಕ್ಕೆ ಬಂದದ್ದು ಎರಡನೇ ವಲಸೆ. ಅಮೆರಿಕದ 1965ರ ವಲಸೆ ಕಾನೂನು ಬಾಗಿಲು ತೆರೆಯಿತು. ಗಯಾನಾದಲ್ಲಿ 1960ರ ದಶಕದ ಜನಾಂಗೀಯ ಗಲಭೆ, ಆಮೇಲೆ ಫೋರ್ಬ್ಸ್ ಬರ್ನ್‌ಹ್ಯಾಮ್ ಅವರ ದೀರ್ಘ ಆಡಳಿತ ಜನರನ್ನು ಹೊರಗೆ ತಳ್ಳಿದವು. 1980ರ ದಶಕದ ಆರಂಭದಲ್ಲಿ ಆ ಸರ್ಕಾರ ಗೋಧಿಹಿಟ್ಟಿನ ಆಮದನ್ನೇ ನಿಲ್ಲಿಸಿತು. ಗೋಧಿಹಿಟ್ಟು ಇಲ್ಲ ಅಂದರೆ ರೊಟ್ಟಿ ಇಲ್ಲ, ಪೂಜೆಗೆ ಹಿಟ್ಟು, ತುಪ್ಪ, ಸಕ್ಕರೆ, ಹಾಲು ಹಾಕಿ ಮಾಡುವ ಪರ್ಸಾದ್ ಇಲ್ಲ. ಕದ್ದುಮುಚ್ಚಿ ಹಿಟ್ಟು ತಂದು ದೇವರಿಗೆ ನೈವೇದ್ಯ ಮಾಡಿದವರು ಆ ಕಾಲದ ಅಜ್ಜಿಯರು. ಅವರೇ ಮುಂದೆ ಕ್ವೀನ್ಸ್‌ಗೆ ಬಂದು ಮನೆ ಮುಂದಿನ ಪುಟ್ಟ ಜಾಗದಲ್ಲಿ ಝಂಡಿ ನೆಟ್ಟರು, ಲಿಬರ್ಟಿ ಅವೆನ್ಯೂದಲ್ಲಿ ಫಗ್ವಾ, ಅಂದರೆ ಹೋಳಿ ಮೆರವಣಿಗೆ ತೆಗೆದರು, ಗಂಗಾಪೂಜೆಗೆ ಹತ್ತಿರದ ಕೊಲ್ಲಿಗೆ ಹೋದರು.

ಈಗ ಇವರ ಮಕ್ಕಳನ್ನು ನೋಡಿ. ಭೋಜಪುರಿ ಎರಡು ತಲೆಮಾರಿನ ಹಿಂದೆಯೇ ಹೋಗಿದೆ. ಹಿಂದಿ ಭಜನೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡ್ತಾರೆ. ಗಯಾನಾದವರು ಅಂದರೆ ಅಮೆರಿಕದವರಿಗೆ ಅರ್ಥ ಆಗಲ್ಲ. ಭಾರತದಿಂದ ಬಂದವರಿಗೆ ಹೇಳಿದರೆ ನೀವು ನಿಜವಾಗ್ಲೂ ಹಿಂದೂಗಳಾ ಅನ್ನೋ ಪ್ರಶ್ನೆ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ. ದೇವರನ್ನು ಬಿಡದೇ ಇರೋದಕ್ಕೆ ಇವರ ಮನೆಯವರು ಕೊಟ್ಟಷ್ಟು ಬೆಲೆಯನ್ನು ನಾವು ಕೊಟ್ಟಿಲ್ಲ, ಕೊಡುವ ಪ್ರಸಂಗವೂ ಬಂದಿಲ್ಲ.

ಈ ಯುವಕರು ತಮ್ಮ ಪ್ರಶ್ನೆಗಳನ್ನು ಹೊತ್ತು ಕೆಲಸಕ್ಕೆ ಇಳಿದಿದ್ದಾರೆ. ಕುಡಿತ, ಮನೆಯೊಳಗಿನ ಹೊಡೆತದ ಬಗ್ಗೆ ಮಂದಿರಗಳಲ್ಲಿ ಮಾತೇ ಇರುತ್ತಿರಲಿಲ್ಲ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ 2007ರಲ್ಲಿ ಜಹಾಜಿ ಸಿಸ್ಟರ್ಸ್ ಹುಟ್ಟಿತು. ಒಂದೇ ಹಡಗಿನಲ್ಲಿ ಬಂದವರು ಒಬ್ಬರನ್ನೊಬ್ಬರು ಜಹಾಜಿ ಅಂತ ಕರೆದುಕೊಂಡಿದ್ದ ನೆನಪು ಆ ಹೆಸರಲ್ಲಿದೆ. 2011ರಲ್ಲಿ ಸಾಧನಾ ಎಂಬ ಸಂಘಟನೆ ಶುರುವಾಯಿತು, ಭಾರತ ಮೂಲದವರೂ ಕೆರಿಬಿಯನ್ ಮೂಲದವರೂ ಸೇರಿ. ಜಮೈಕಾ ಬೇ ದಡ ಶುಚಿ ಮಾಡುವ ಪೃಥ್ವಿ ಯೋಜನೆ ಅವರದೇ.

ಅಲ್ಲಿ ತೊಡಕು ಇರೋದು ನೀರಿನಲ್ಲೇ. ನದಿಯಾದರೆ ಬಿಟ್ಟದ್ದು ಹರಿದುಹೋಗುತ್ತದೆ. ಈ ಕೊಲ್ಲಿಯಲ್ಲಿ ಉಬ್ಬರದ ನೀರು ಎಷ್ಟೋ ವಸ್ತುಗಳನ್ನು ತಿರುಗಿ ದಡಕ್ಕೇ ತಂದು ಹಾಕುತ್ತದೆ. ಆಮೆಗಳು, ವಲಸೆ ಹಕ್ಕಿಗಳು ಬದುಕುವ ಜಾಗ ಬೇರೆ. ಹಾಗಾಗಿ ಈ ಹುಡುಗರು ಕೈಗವಸು ಹಾಕ್ಕೊಂಡು ಸೀರೆ ಹೆಕ್ಕೋದರ ಜೊತೆಗೆ ಪಂಡಿತರ ಹತ್ತಿರ ಹೋಗಿ ಕೂತು ಮಾತಾಡ್ತಾರೆ. ಭೂಮಿಯನ್ನು ತಾಯಿ ಅನ್ನುವ ಧರ್ಮದಲ್ಲಿ ಅವಳ ಮೈಮೇಲೆ ಪ್ಲಾಸ್ಟಿಕ್ ಬಿಡೋದು ಸರಿಯಾ ಅಂತ ಕೇಳ್ತಾರೆ. ಕೇಳಿ ನಿಯಮ ಬದಲಿಸಿಕೊಂಡ ಹಿರಿಯರಿದ್ದಾರೆ. ಕೊಟ್ಟದ್ದನ್ನು ಎತ್ತಿದರೆ ಪೂಜೆಯೇ ಕೆಟ್ಟಿತು ಅನ್ನುವವರೂ ಇದ್ದಾರೆ, ಅವರ ಸಂಕಟವೂ ಸುಳ್ಳಲ್ಲ.

ಬೆಂಗಳೂರಲ್ಲಿ ಪಿಒಪಿ ಗಣೇಶನ ವಿಷಯಕ್ಕೆ ನಾವು ಪ್ರತಿ ವರ್ಷ ಆಡುವ ಜಗಳವೂ ಇದೇ ಅಲ್ವಾ? ಮಣ್ಣಿನ ಗಣಪ, ಬೀದಿಗೆ ಬರುವ ನೀರಿನ ಟ್ಯಾಂಕರ್, ಕೆರೆ ಪಕ್ಕದ ಕಲ್ಯಾಣಿ, ಮನೆಯ ಬಕೆಟ್ಟಿನಲ್ಲೇ ವಿಸರ್ಜನೆ, ಇದೆಲ್ಲ ನಮಗೆ ಈಗಾಗಲೇ ಗೊತ್ತಿರುವ ದಾರಿಗಳು. ನ್ಯೂಯಾರ್ಕ್ ಕನ್ನಡಿಗರು, ಅದರಲ್ಲೂ ಅಲ್ಲೇ ಹುಟ್ಟಿ ಬೆಳೆದ ಮಕ್ಕಳು, ಒಂದು ಶನಿವಾರ ಬಿಡುವು ಮಾಡಿಕೊಂಡು ರಿಚ್ಮಂಡ್ ಹಿಲ್ ಕಡೆ ಹೋಗಿ ಅಲ್ಲಿಯ ಮಂದಿರದಲ್ಲಿ ಕೂತು ಇದನ್ನು ಹಂಚಿಕೊಳ್ಳಲಿ. ದಡ ಗುಡಿಸುವ ದಿನ ಅವರ ಜೊತೆ ಕೈ ಹಾಕಲಿ.