ಪದ ಪರಿಚಯ: ಗೋಲ್ಡ್ ಪ್ಲೇಟೆಡ್

ಹೋದ ದೀಪಾವಳಿಗೆ ಬಾಗಲಕೋಟೆ ನವನಗರದ ನಮ್ಮ ಕಾಕಾನ ಮನೆಗೆ ಹೊಸ ಟಿವಿ ಬಂತು. ಜೊತೆಗೆ ಚಿತ್ರ, ದನಿ ಎರಡನ್ನೂ ಟಿವಿಗೆ ತರುವ ಒಂದು ಎಚ್‌ಡಿಎಂಐ ವೈರೂ ಬಂತು, 1,900 ರೂಪಾಯಿಯದು. ಅಂಗಡಿಯಲ್ಲಿ ಅದರ ಪಕ್ಕದಲ್ಲೇ 250 ರೂಪಾಯಿಯದೂ ನೇತಾಡುತ್ತಿತ್ತು. ಆದರೆ ಅಂಗಡಿಯವನು ಒಂದೇ ಮಾತಿನಲ್ಲಿ ಕಾಕಾನ ಬಾಯಿ ಕಟ್ಟಿಬಿಟ್ಟಿದ್ದ. "ಅರವತ್ತ ಸಾವಿರದ ಟಿವಿಗೆ ಇನ್ನೂರೈವತ್ತರ ವೈರ್ ಹಾಕ್ತೀರೇನ್ರಿ ಕಾಕಾರ? ಇದು ಗೋಲ್ಡ್ ಪ್ಲೇಟೆಡ್ ಐತ್ರಿ."

ಮನೆಗೆ ಬಂದ ಮೇಲೆ ಚಿಗವ್ವ ಆ ಹಳದಿ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಒಂದ್ ಗ್ರಾಂ ಬಂಗಾರದ ಸರ ಇದ್ದಂಗ ಐತಲ್ಲ ಇದು. ಗಿಲೀಟು," ಅಂದಳು.

ಅರ್ಥ ಅಷ್ಟೇ. ಗೋಲ್ಡ್ ಪ್ಲೇಟೆಡ್ ಅಂದರೆ ಗಿಲೀಟು. ಬೇರೆ ಲೋಹದ ಮೇಲೆ ಬಂಗಾರದ ತೆಳು ಲೇಪ. ನಮ್ಮ ಗಿಲೀಟು ಕೂಡ ಇಂಗ್ಲಿಷಿನ 'ಗಿಲ್ಟ್' ಪದದಿಂದಲೇ ಬಂದದ್ದು. ಆದರೆ ನಮ್ಮಲ್ಲಿಗೆ ಬಂದ ಮೇಲೆ ಅದಕ್ಕೆ ಸ್ವಲ್ಪ ಅನುಮಾನದ ವಾಸನೆಯೂ ಹತ್ತಿಕೊಂಡಿತು. 'ಗೋಲ್ಡ್ ಪ್ಲೇಟೆಡ್' ಅಂದಾಗ ಮಾತ್ರ ಆ ಅನುಮಾನ ಯಾಕೋ ಬರುವುದಿಲ್ಲ.

ಲೇಪ ಎಷ್ಟು ತೆಳು? ಒಳ್ಳೆಯ ಕನೆಕ್ಟರಿನಲ್ಲೂ, ಅಂದರೆ ವೈರಿನ ತುದಿಯ ಪಿನ್ನಿನಲ್ಲೂ, ಸಾಮಾನ್ಯವಾಗಿ ಒಂದು ಮೈಕ್ರಾನಿನ ಒಳಗೇ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅಗ್ಗದ ವೈರಿನಲ್ಲಿ ಅದರ ಹತ್ತನೇ ಒಂದು ಪಾಲೂ ಇರಲಿಕ್ಕಿಲ್ಲ. ಬಂಗಾರದ ಕೆಳಗೆ ನಿಕ್ಕಲ್ಲಿನ ಇನ್ನೊಂದು ಪದರ ಇರುತ್ತದೆ. ಅದಿಲ್ಲದಿದ್ದರೆ ಒಳಗಿನ ತಾಮ್ರ ದಿನ ಕಳೆದಂತೆ ಬಂಗಾರದೊಳಗಿಂದ ನುಸುಳಿ ಮೇಲೆ ಬಂದುಬಿಡುತ್ತದೆ.

ಈಗ ಮುಖ್ಯ ಪ್ರಶ್ನೆ. ಬಂಗಾರ ಯಾಕೆ? ಕರೆಂಟು ಚೆನ್ನಾಗಿ ಹರಿಯುತ್ತದೆ ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಕರೆಂಟು ಹರಿಸುವುದರಲ್ಲಿ ಬೆಳ್ಳಿ ಮೊದಲು, ತಾಮ್ರ ಎರಡನೆಯದು, ಬಂಗಾರ ಮೂರನೆಯದು. ತಾಮ್ರದ ಶಕ್ತಿ 100 ಅಂತ ಹಿಡಿದರೆ ಬಂಗಾರದ್ದು 70ರ ಆಸುಪಾಸು. ಬಂಗಾರದ ಗುಣ ಬೇರೆ: ಅದಕ್ಕೆ ಕಿಲುಬು ಹತ್ತುವುದಿಲ್ಲ.

ತಾಮ್ರದ ಕೊಡವನ್ನು ನಾಲ್ಕು ದಿನ ಹುಣಸೆಹಣ್ಣು ಹಚ್ಚಿ ತಿಕ್ಕದೆ ಬಿಟ್ಟು ನೋಡಿ. ಕಪ್ಪಾಗುತ್ತದೆ, ಆಮೇಲೆ ಅಲ್ಲಲ್ಲಿ ಹಸಿರು ಕಟ್ಟುತ್ತದೆ. ವೈರಿನ ತುದಿಗೂ ಅದೇ ಗತಿ. ಫ್ಯಾನು, ಮಿಕ್ಸರ್ ಓಡಿಸುವ 230 ವೋಲ್ಟ್ ಇಂಥ ತೆಳು ಪೊರೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಮೊಬೈಲಿನಿಂದ ಸ್ಪೀಕರಿಗೆ ಹೋಗುವ ಹಾಡಿನ ಸಿಗ್ನಲ್ಲು ಒಂದು ವೋಲ್ಟಿನ ಆಚೀಚೆ. ಮೈಕಿನದು ಇನ್ನೂ ಸಣ್ಣದು. ಅದು ಪೊರೆಯ ಹತ್ತಿರ ಎಡವುತ್ತದೆ. ಹಳೇ ಟೇಪ್‌ರೆಕಾರ್ಡರಿನ ಪಿನ್ನು ತಿರುಗಿಸಿದಾಗ 'ಕರಕರ' ಅನ್ನುತ್ತಿತ್ತಲ್ಲ, ಅದೇ ಇದು. ಅಂಥ ಕಡೆ ಬಂಗಾರ ನಿಜವಾಗಿ ಕೆಲಸ ಮಾಡುತ್ತದೆ. ವಾರಕ್ಕೆ ಹತ್ತು ಸಲ ತೆಗೆದು ಹಾಕುವ ಪಿನ್ನಿದ್ದರೆ, ಅಥವಾ ನಿಮ್ಮ ಮನೆ ಖಾನಾಪುರದ ಮಳೆಯಲ್ಲಿದ್ದರೆ, ಗೋಲ್ಡ್ ಪ್ಲೇಟೆಡ್ ತಗೊಳ್ಳಿ. ಬಾಗಲಕೋಟೆಯ ಒಣ ಬಿಸಿಲಲ್ಲಿ ಕಿಲುಬಿಗಿಂತ ಧೂಳೇ ದೊಡ್ಡ ವೈರಿ. (ಈ ಪದ ಇಲ್ಲಿ ಸುಮ್ನೆ ಬಂತು, ಬೇಕಂತ ಹಾಕಿದ್ದಲ್ಲ.)

ಗಮನಿಸಿ, ಇದೆಲ್ಲ ಕೀಲಿನ ಮಾತು. ವೈರು ಮತ್ತು ಪೆಟ್ಟಿಗೆ ಕೂಡುವ ಜಾಗದ ಮಾತು. ಚಿತ್ರದ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎಚ್‌ಡಿಎಂಐನಲ್ಲಂತೂ ಇಲ್ಲವೇ ಇಲ್ಲ. ಅದರೊಳಗೆ ಹೋಗುವುದು ಬರೀ ಸೊನ್ನೆ ಮತ್ತು ಒಂದು. ಅವು ಸರಿಯಾಗಿ ಮುಟ್ಟಿದರೆ ಚಿತ್ರ ಪೂರ್ತಿ ಬರುತ್ತದೆ. ಮುಟ್ಟದಿದ್ದರೆ ತೆರೆಯ ಮೇಲೆ ಬಿಳಿ ಚುಕ್ಕೆಗಳು ಮಿನುಗುತ್ತವೆ, ಎರಡು ಸೆಕೆಂಡು ಕಪ್ಪಾಗುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಕೆಂಪು ಸ್ವಲ್ಪ ಜಾಸ್ತಿ ಕೆಂಪಾಗುವುದು, ಹುಲ್ಲು ಇನ್ನಷ್ಟು ಹಸಿರಾಗುವುದು ವೈರಿನಿಂದ ಆಗುವ ಕೆಲಸವಲ್ಲ. ಒಂದು ಸಂಜೆ ನಾನು ಕಾಕಾನಿಗೆ ಹೇಳದೆ ಆ ವೈರು ತೆಗೆದು, ಸೆಟ್‌ಟಾಪ್ ಬಾಕ್ಸಿನ ಜೊತೆ ಪುಕ್ಕಟೆ ಬಂದಿದ್ದನ್ನು ಹಾಕಿದೆ. ಮ್ಯಾಚು ನೋಡುತ್ತ ಕಾಕಾ ಅಂದ, "ವೈರ್ ಚಲೋ ಇದ್ರ ಗ್ರೌಂಡ್ ಹೆಂಗ್ ಕಾಣ್ತೈತಿ ನೋಡು." ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ದೊಡ್ಡವರ ಲೋಕದಲ್ಲೂ ಇದೇ ಕತೆ ನಡೆದಿದೆ. ಅಮೆರಿಕದ ಜೇಮ್ಸ್ ರ್‍ಯಾಂಡಿ ಅಂತ ಒಬ್ಬ ಜಾದೂಗಾರ ಇದ್ದ. 7,250 ಡಾಲರಿನ ಸ್ಪೀಕರ್ ವೈರಿಗೂ ಸಾಧಾರಣ ವೈರಿಗೂ ಇರುವ ವ್ಯತ್ಯಾಸವನ್ನು ಕಿವಿಯಿಂದಲೇ ಹೇಳಿದವರಿಗೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಅಂತ 2007ರಲ್ಲಿ ಸವಾಲು ಹಾಕಿದ. ಆ ದುಡ್ಡು ಯಾರ ಕೈಗೂ ಹೋಗಲಿಲ್ಲ.

ಎಚ್‌ಡಿಎಂಐನಲ್ಲಿ ನೋಡಬೇಕಾದ್ದು ಡಬ್ಬಿಯ ಮೇಲಿನ ಇನ್ನೊಂದು ಮಾತು. 'ಪ್ರೀಮಿಯಂ ಹೈ ಸ್ಪೀಡ್' ಅಂತ ಇದ್ದರೆ ಸೆಕೆಂಡಿಗೆ 18 ಗಿಗಾಬಿಟ್, ಅಂದರೆ 1,800 ಕೋಟಿ ಸೊನ್ನೆ-ಒಂದು, ಸಾಗುತ್ತವೆ. 4ಕೆ ಟಿವಿಗೆ, ಸೆಟ್‌ಟಾಪ್ ಬಾಕ್ಸಿಗೆ ಅಷ್ಟು ಧಾರಾಳ. 'ಅಲ್ಟ್ರಾ ಹೈ ಸ್ಪೀಡ್' ಅಂದರೆ 48 ಗಿಗಾಬಿಟ್, ಹೊಸ ಗೇಮಿಂಗ್ ಪೆಟ್ಟಿಗೆ ಇದ್ದವರಿಗೆ. ಈ ಎರಡರ ಡಬ್ಬಿ ಮೇಲೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಚೀಟಿ ಇರಬೇಕು. ಐದು ಮೀಟರ್ ದಾಟಿದ ಉದ್ದ ಬೇಕಾದರೆ ಮಾತ್ರ ಸ್ವಲ್ಪ ಜಾಸ್ತಿ ಖರ್ಚು ಮಾಡಿ.

ನನಗೆ ಎಲ್ಲಕ್ಕಿಂತ ನಗು ಬರುವುದು ಗೋಲ್ಡ್ ಪ್ಲೇಟೆಡ್ ಆಪ್ಟಿಕಲ್ ವೈರ್ ಕಂಡಾಗ. ಟಿವಿಯಿಂದ ಸೌಂಡ್‌ಬಾರಿಗೆ ಹಾಕುತ್ತಾರಲ್ಲ, ಅದು. ಅದರೊಳಗೆ ಹರಿಯುವುದು ಕರೆಂಟೇ ಅಲ್ಲ, ಬೆಳಕು. ಒಳಗಿರುವುದು ಪ್ಲಾಸ್ಟಿಕ್ ಎಳೆ. ಅದರ ತುದಿಗೂ ಬಂಗಾರ ಬಳಿದು ಮಾರುತ್ತಾರೆ. ಬೆಳಕಿಗೆ ಎಂಥ ಕಿಲುಬು?

ಹಾಗಾದರೆ ವೈರಿಗೆ ದುಡ್ಡು ಹಾಕುವುದೇ ದಂಡವಾ? ಹಾಗಲ್ಲ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ತಗಡಿನ ಥಿಯೇಟರಿನಲ್ಲಿ ಮೈಕ್ ಹಾಕುವವರನ್ನು ನೋಡಿ. ರಂಗದಿಂದ ಮೈಕುಗಳ ದನಿ ಕೂಡಿಸುವ ಮಿಕ್ಸರಿನವರೆಗೆ ಉದ್ದಕ್ಕೆ ವೈರು ಎಳೆದಿರುತ್ತಾರೆ. ಪಕ್ಕದಲ್ಲೇ ಲೈಟಿನ ವೈರು, ಹಿಂದೆ ಜನರೇಟರು. ಸಾದಾ ವೈರು ಹಾಕಿದರೆ ನಾಯಕಿಯ ಮಾತಿಗಿಂತ 'ಗುಂಯ್' ಅನ್ನುವ ಸದ್ದೇ ಜೋರು. ಅದಕ್ಕೆ ಅವರು ಮೂರು ಪಿನ್ನಿನ ಬ್ಯಾಲೆನ್ಸ್ಡ್ ವೈರು ಬಳಸುತ್ತಾರೆ. ಅದರೊಳಗೆ ಒಂದೇ ದನಿ ಎರಡು ತಂತಿಗಳಲ್ಲಿ ಸುಲಟಾ ಉಲಟಾ ಆಗಿ ಹೋಗುತ್ತದೆ. ಹೊರಗಿನ ಸದ್ದು ಮಾತ್ರ ಎರಡಕ್ಕೂ ಒಂದೇ ರೀತಿ ಹತ್ತುತ್ತದೆ. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆದಾಗ ಸದ್ದು ಸೊನ್ನೆಯಾಗಿ ಮಾತು ಉಳಿಯುತ್ತದೆ. ಇಲ್ಲಿ ಜಾಣತನ ಇರುವುದು ವೈರಿನ ಕಟ್ಟಣೆಯಲ್ಲಿ. ಮೈ ಸುತ್ತ ಹೆಣೆದ ಜಾಲರಿಗೆ, ತುದಿಯ ಗಟ್ಟಿ ಬೆಸುಗೆಗೆ ಕೊಡುವ ದುಡ್ಡು ದಂಡವಲ್ಲ. ದಿನಾ ಸುತ್ತಿ, ಬಿಚ್ಚಿ, ತುಳಿಸಿಕೊಂಡು ಬಾಳುವ ವೈರು ಅದು.

ಸ್ಪೀಕರ್ ವೈರಿನಲ್ಲಿ ನೋಡಬೇಕಾದ್ದು ದಪ್ಪ. ಎಂಟು ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ಸ್ಪೀಕರಿಗೆ ಹತ್ತು ಮೀಟರ್ ದೂರ ಎಳೆಯುವುದಾದರೆ 1.5 ಸ್ಕ್ವೇರ್, ಅಂದರೆ ಒಂದೂವರೆ ಚದರ ಮಿಲಿಮೀಟರ್, ತಾಮ್ರ ಸಾಕು. ಹೋಗಿ ಬರುವ ಎರಡೂ ಎಳೆ ಸೇರಿ ಅದರ ತಡೆ ಕಾಲು ಓಮಿನ ಒಳಗೇ ಇರುತ್ತದೆ. ಕರೆಂಟಿನ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಮನೆ ವೈರೇ ನಡೆಯುತ್ತದೆ.

ಅದನ್ನೇ ತರಲು ಮೊನ್ನೆ ಕಾಕಾ ಹೋಗಿದ್ದ, ಓಣಿಯ ಗಣಪತಿ ಪೆಂಡಾಲಿಗೆ ಅಂತ. ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಿಂದ ಒಂದು ಸುರುಳಿ ತಂದ. ಕೈಗೆತ್ತಿಕೊಂಡರೆ ಹಗುರ. ನಾನು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬಿಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಹೊದಿಸಿದ್ದು. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ತಡೆ ಒಂದೂವರೆ ಪಟ್ಟು, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ.

ಚಿಗವ್ವ ಅಡಿಗೆಮನೆಯಿಂದಲೇ ಕೇಳಿದಳು, "ಇದೂ ಗಿಲೀಟೇನೋ?"

ಕಾಕಾ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಅಂಗಡಿಗೆ ಹೊರಟ. ಈ ಸಲ ಬ್ಲೇಡನ್ನೂ ಕಿಸೆಗೆ ಹಾಕಿಕೊಂಡ.