ಬೈಬಲ್ಲಿನ ಅಕ್ಷರ ಅಕ್ಷರವನ್ನೂ ಇದ್ದಂತೆಯೇ ನಂಬದಿದ್ದರೆ ರಕ್ಷಣೆ ಇಲ್ಲವೇ?

ಪ್ರಶ್ನೆ: ವಂದನೆಗಳು ಅಣ್ಣಾ. ನಾನು ಭಾಲ್ಕಿ ಕಡೆಯವಳು, ಮೆಥಡಿಸ್ಟ್ ಸಭೆಯಲ್ಲಿ ಬೆಳೆದವಳು. ಮದುವೆಯಾಗಿ ಬೀದರ್‌ಗೆ ಬಂದ ಮೇಲೆ ನಮ್ಮ ಓಣಿಯ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೇನೆ. ಅಲ್ಲಿಯವರದು ಬಹಳ ಪ್ರೀತಿ. ಆದರೆ ಲೋಕ ಹುಟ್ಟಿ ಆರು ಸಾವಿರ ವರ್ಷ ಮಾತ್ರ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಉಣ್ಣುವುದು ಪಾಪ, ವಿಶ್ವಾಸ ಇದ್ದವರಿಗೆ ಗುಳಿಗೆ ಬೇಡ ಅಂತಾರೆ. ಇದರಲ್ಲಿ ಒಂದನ್ನು ಬಿಟ್ಟರೂ ನಾನು ಕ್ರೈಸ್ತಳಲ್ಲವಂತೆ. ಹೌದೇ?

ಉತ್ತರ: ಅಲ್ಲ ತಂಗೀ. ನಿನ್ನ ರಕ್ಷಣೆ ಯೇಸುವಿನ ಕೈಯಲ್ಲಿದೆ, ಭೂಮಿಯ ವಯಸ್ಸಿನ ಲೆಕ್ಕದಲ್ಲಿಲ್ಲ. ಬೀದರಿನ ಮಂಗಲಪೇಟೆಯ ಚರ್ಚಿನ ಅಂಗಳದಲ್ಲಿ, ಯುವಜನರ ಕೂಟಗಳಲ್ಲಿ, ಸಾವಿನ ಮನೆಯಲ್ಲಿ ಕೂತಾಗ ಕೂಡ ಈ ಪ್ರಶ್ನೆಯನ್ನು ನನಗೆ ಕೇಳುತ್ತಲೇ ಇರುತ್ತಾರೆ. ಆದರೆ 'ಅಲ್ಲ' ಎಂದಷ್ಟೇ ಹೇಳಿ ಮುಗಿಸಿದರೆ ಆ ಕೂಟದವರಿಗೆ ಅನ್ಯಾಯವಾಗುತ್ತದೆ. ಅವರು ಹೇಳುವುದರಲ್ಲಿ ಬಹಳಷ್ಟನ್ನು ನಾನೂ ಎದೆ ತಟ್ಟಿ ಹೇಳುತ್ತೇನೆ.

ಇಂಥ ಬೋಧನೆಯನ್ನು ಮೂಲಭೂತವಾದ ಎಂದು ಈಗ ಜನ ಬೈಗುಳದ ಹಾಗೆ ಅನ್ನುತ್ತಾರೆ. ಶುರುವಿನಲ್ಲಿ ಆ ಹೆಸರನ್ನು ಹೆಮ್ಮೆಯಿಂದ ಹಚ್ಚಿಕೊಂಡವರಿದ್ದರು. ಅಮೆರಿಕದಲ್ಲಿ 1910ರಿಂದ 1915ರ ನಡುವೆ 'ದಿ ಫಂಡಮೆಂಟಲ್ಸ್', ಅಂದರೆ ಮೂಲಭೂತ ಮಾತುಗಳು, ಎಂಬ ಹೆಸರಿನ ಹನ್ನೆರಡು ಸಂಪುಟಗಳಲ್ಲಿ ತೊಂಬತ್ತು ಪ್ರಬಂಧಗಳು ಅಚ್ಚಾದವು. ಲೈಮನ್ ಸ್ಟೀವರ್ಟ್ ಎಂಬ ಎಣ್ಣೆ ಉದ್ಯಮಿ ತನ್ನ ಅಣ್ಣನ ಜೊತೆ ಸೇರಿ ಹಣ ಹಾಕಿ, ಅವನ್ನು ಪಾಸ್ಟರುಗಳಿಗೆ, ಮಿಷನರಿಗಳಿಗೆ, ಸಂಡೇ ಸ್ಕೂಲ್ ನಡೆಸುವವರಿಗೆ ಪುಕ್ಕಟೆ ಕಳಿಸಿದ. ವಿಶ್ವವಿದ್ಯಾಲಯಗಳ ಪಂಡಿತರು ಬೈಬಲ್ಲನ್ನು ಬೇರೆ ಯಾವುದೇ ಹಳೆಯ ಗ್ರಂಥದಂತೆ ಬಿಡಿಸಿ ನೋಡಲು ಶುರುಮಾಡಿದ್ದರು. ವಿಶ್ವಾಸದ ಬುಡವೇ ಅಲುಗುತ್ತಿದೆ ಎಂಬ ಭಯ ಇವರಿಗೆ ಹುಟ್ಟಿತ್ತು. ಆ ಭಯ ಸುಳ್ಳಾಗಿರಲಿಲ್ಲ. ಬಿಡಲೇಬಾರದ ಮಾತುಗಳು ಎಂದು ಅವರು ಎತ್ತಿಹಿಡಿದವು ಕೆಲವೇ: ಬೈಬಲ್ಲಿನಲ್ಲಿ ತಪ್ಪಿಲ್ಲ, ಯೇಸು ಕನ್ಯೆಯಲ್ಲಿ ಹುಟ್ಟಿದ, ನಮ್ಮ ಪಾಪಕ್ಕಾಗಿ ಸತ್ತ, ದೇಹಸಮೇತ ಎದ್ದ, ಮತ್ತೆ ಬರುತ್ತಾನೆ.

ಈಗ ನಮ್ಮ ಆರಾಧನೆಯಲ್ಲಿ ಎದ್ದು ನಿಂತು ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣವನ್ನು ನೆನಪು ಮಾಡಿಕೋ. ಕನ್ಯೆ ಮರಿಯಳು, ಶಿಲುಬೆ, ಮೂರನೆಯ ದಿನ, ನ್ಯಾಯತೀರ್ಪಿಗೆ ಬರುವುದು, ಎಲ್ಲವೂ ಅದರಲ್ಲಿವೆ. ಇವುಗಳ ಮಟ್ಟಿಗೆ ಅವರಿಗೂ ನನಗೂ ಜಗಳವೇ ಇಲ್ಲ. ಯೇಸು ನಿಜವಾಗಿ ಎದ್ದ, ಅದು ಶಿಷ್ಯರ ಮನಸ್ಸಿನ ಸಮಾಧಾನವಲ್ಲ ಎಂದು ನಾನು ನಂಬುತ್ತೇನೆ. ಆ ಪ್ರಮಾಣದಲ್ಲಿ ಇಲ್ಲದ್ದು ಒಂದೇ: ಪುಸ್ತಕದ ಪ್ರತಿ ವಾಕ್ಯವೂ ಭೂಗೋಳ, ಇತಿಹಾಸ, ವಿಜ್ಞಾನದಲ್ಲೂ ತಪ್ಪಿಲ್ಲದ್ದು ಎಂಬ ಮಾತು. ಸಭೆ ಶತಮಾನಗಳಿಂದ ಬಾಯಿಪಾಠ ಮಾಡಿದ ವಿಶ್ವಾಸದಲ್ಲಿ ಇಲ್ಲದ ಆ ಒಂದನ್ನೇ ಬಾಗಿಲಲ್ಲಿ ನಿಲ್ಲಿಸಿ, ಇದನ್ನು ದಾಟಿದರೆ ಮಾತ್ರ ಒಳಗೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೂ ಒಪ್ಪುವುದಿದೆ, ಅದನ್ನೂ ಹೇಳಿಬಿಡುತ್ತೇನೆ. ದುಡಿದ ಕೂಲಿಯನ್ನೆಲ್ಲ ಸೆರೆಗೆ ಹಾಕುತ್ತಿದ್ದ ಗಂಡಸರು ಇಂಥ ಕೂಟಗಳಿಗೆ ಹೋಗಿ ಕುಡಿತ ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶನಿವಾರದ ಪಗಾರ ಪೂರ್ತಿ ಮನೆಗೆ ಬಂದರೆ ಹೆಂಡತಿ ಮಕ್ಕಳ ಪಾಲಿಗೆ ಅದೇ ಸುವಾರ್ತೆ. ಬೈಬಲ್ ಕನ್ನಡದಲ್ಲಿ ಪೂರ್ತಿಯಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಶಾಲೆಯ ಮುಖ ನೋಡದ ನಮ್ಮ ಅವ್ವಂದಿರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಅದನ್ನು ಓದುವುದನ್ನು ಈ ಕೂಟಗಳಲ್ಲೇ ಕಲಿತಿದ್ದಾರೆ. ಇದು ದೇವರು ನನಗೇ ಹೇಳುತ್ತಿರುವ ಮಾತು ಎಂಬ ಅವರ ಗಟ್ಟಿತನದ ಮುಂದೆ ನನ್ನ ಓದು ಎಷ್ಟರದು?

ಆರು ಸಾವಿರ ವರ್ಷದ ಮಾತಿಗೆ ಬರೋಣ. ಆ ಲೆಕ್ಕ ಬೈಬಲ್ಲಿನಲ್ಲಿ ಎಲ್ಲೂ ಬರೆದಿಲ್ಲ. ವಂಶಾವಳಿಗಳನ್ನು ಕೂಡಿಸುತ್ತ ಹೋದವರು ಹಲವರು; ಐರ್ಲೆಂಡಿನ ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಲೋಕ ಹುಟ್ಟಿದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಗೊತ್ತುಮಾಡಿದರು. ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಸಂತ ಅಗಸ್ಟೀನ್, ಆದಿಕಾಂಡದ ದಿನಗಳು ನಮ್ಮ ಸೂರ್ಯೋದಯ ಸೂರ್ಯಾಸ್ತದ ದಿನಗಳೇ ಆಗಬೇಕಿಲ್ಲ ಎಂದು ಬರೆದಿದ್ದರು. ಸೂರ್ಯನೇ ನಾಲ್ಕನೆಯ ದಿನ ಹುಟ್ಟಿದನಲ್ಲ! ಲೋಕದ ವಿಷಯ ತಿಳಿಯದೆ ಗ್ರಂಥದ ಹೆಸರಲ್ಲಿ ಏನೇನೋ ಮಾತಾಡಿದರೆ, ಹೊರಗಿನವರು ಪುನರುತ್ಥಾನದ ಮಾತನ್ನೂ ನಂಬುವುದಿಲ್ಲ ಎಂದು ಅವರು ಎಚ್ಚರಿಸಿದ್ದರು. ಅಷ್ಟೇಕೆ, ಆ ಹನ್ನೆರಡು ಸಂಪುಟಗಳಲ್ಲಿ ಬರೆದ ಜೇಮ್ಸ್ ಓರ್ ಅವರೇ ಭೂಮಿ ಬಹಳ ಹಳೆಯದು ಎಂದು ಒಪ್ಪಿದ್ದರು. ಮೂಲಭೂತವಾದದ ಮೊದಲ ತಲೆಮಾರೇ ಕೇಳದ ಷರತ್ತನ್ನು ನಿನ್ನ ಮೇಲೆ ಯಾಕೆ ಹೇರಬೇಕು?

ನಾವಿರುವ ಊರಿನ ನೆಲವನ್ನೇ ನೋಡು. ನಮ್ಮ ಕೋಟೆ ಕಟ್ಟಿದ್ದು ಕೆಂಗಲ್ಲಿನಿಂದ. ಆ ಕೆಂಗಲ್ಲು ಹುಟ್ಟಿದ್ದು ಕೆಳಗಿನ ಕರಿಕಲ್ಲು ಮಳೆ ಬಿಸಿಲಿಗೆ ಕರಗಿ ಮಾಗಿ. ಆ ಕರಿಕಲ್ಲೋ, ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ. ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿಯ ಅಂಚನ್ನು ಬೆರಳಿನಿಂದ ಸವರು, ಹಾಳೆಯ ಮೇಲೆ ಹಾಳೆ ಇಟ್ಟಂತೆ ಪದರ ಕೈಗೆ ಸಿಗುತ್ತದೆ. ನೀರಿನ ತಳದಲ್ಲಿ ಕೆಸರು ಕೂತು ಕೂತು ಕಲ್ಲಾದದ್ದು, ಲಾವಾಕ್ಕಿಂತ ಎಷ್ಟೋ ಹಳೆಯದು. ಇದನ್ನೂ ದೇವರೇ ಮಾಡಿದ್ದು. ಕಲ್ಲು ಒಂದು ಹೇಳುತ್ತದೆ, ಪುಸ್ತಕ ಇನ್ನೊಂದು ಹೇಳುತ್ತದೆ ಎಂದು ಅನ್ನಿಸಿದರೆ ನಾನು ಪುಸ್ತಕವನ್ನು ಓದುವ ರೀತಿಯನ್ನು ಮತ್ತೆ ನೋಡಿಕೊಳ್ಳುತ್ತೇನೆ. ಆದಿಕಾಂಡ ನನಗೆ ಲೋಕ ಯಾರದು, ನಾನು ಯಾರು ಎಂದು ಹೇಳುತ್ತದೆ. ಅದು ನನಗೆ ಸಾಕು.

ಗುಳಿಗೆಯ ವಿಷಯಕ್ಕೆ ಮಾತ್ರ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಹುಮನಾಬಾದ್ ಕಡೆ ನನ್ನ ಸೋದರತ್ತೆ ಇದ್ದಳು. ಸಕ್ಕರೆ ಕಾಯಿಲೆ. ಯಾರೋ ಬೋಧಕರು ಬಂದು, ಸ್ವಸ್ಥತೆ ಬೇಡಿಕೊಂಡ ಮೇಲೂ ಗುಳಿಗೆ ನುಂಗಿದರೆ ಅದು ಅವಿಶ್ವಾಸ ಎಂದರು. ಅತ್ತೆ ನುಂಗುವುದು ಬಿಟ್ಟಳು, ಯಾರಿಗೂ ಹೇಳಲಿಲ್ಲ. ಕಾಲಿನ ಗಾಯ ಕಪ್ಪಾದ ಮೇಲೆ ನಮಗೆ ಗೊತ್ತಾಯಿತು. ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ತಿಂಗಳುಗಟ್ಟಲೆಯ ಗುಳಿಗೆ ಬಿಚ್ಚದೆ ಹಾಗೇ ಇತ್ತು, ಪಕ್ಕದಲ್ಲಿ ಪ್ರಾರ್ಥನೆಯ ಎಣ್ಣೆಯ ಸಣ್ಣ ಸೀಸೆ. ಹೆಬ್ಬೆರಳು ತೆಗೆಯಬೇಕಾಯಿತು. ಆಮೇಲೆ ಅದೇ ಬಾಯಿ, ಆಕೆಯ ಮನಸ್ಸಿನಲ್ಲಿ ಎಲ್ಲೋ ಸಂಶಯ ಇತ್ತು ಎಂದಿತು. ಬೆರಳು ಹೋದದ್ದಕ್ಕಿಂತ ಆ ಮಾತಿಗೆ ಅತ್ತೆ ಹೆಚ್ಚು ಅತ್ತಳು.

ರೋಗಿಗಾಗಿ ಎಣ್ಣೆ ಹಚ್ಚಿ ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರಿಕೆಯಲ್ಲಿದೆ. ನಾನೂ ಪ್ರಾರ್ಥಿಸುತ್ತೇನೆ, ದೇವರು ಗುಣಪಡಿಸುತ್ತಾನೆಂದು ನಂಬುತ್ತೇನೆ. ಆದರೆ ಅಕ್ಷರಶಃ ಓದುವವರು ಪೂರ್ತಿ ಓದಬೇಕಲ್ಲ? ತಿಮೊಥೆಗೆ ಪದೇಪದೇ ಕಾಯಿಲೆ ಬರುತ್ತಿದ್ದಾಗ ಪೌಲ ಹೇಳಿದ್ದು ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಎಂದು ಅದೇ ಪೌಲ ಬರೆಯುತ್ತಾನೆ. ಅವನಿಗೆ ವಿಶ್ವಾಸ ಕಡಿಮೆ ಎಂದು ಬರೆಯುವುದಿಲ್ಲ. ಪೌಲನ ಜೊತೆಗಿದ್ದ ಲೂಕ ಸ್ವತಃ ವೈದ್ಯ. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವರಾರು ಎಂದು ಶಿಷ್ಯರು ಕೇಳಿದಾಗ ಯೇಸು ಏನಂದ? ಇವನೂ ಅಲ್ಲ, ಇವನ ತಂದೆ ತಾಯಿಯೂ ಅಲ್ಲ ಎಂದ. ಬೀದರ್‌ಗೆ ಬಂದ ಮೆಥಡಿಸ್ಟ್ ಮಿಷನ್ನಿನವರು ಸುವಾರ್ತೆಯ ಜೊತೆಗೇ ಶಾಲೆ, ಆಸ್ಪತ್ರೆಯನ್ನೂ ಕಟ್ಟಿದ್ದು ಈ ಯೇಸುವನ್ನು ಓದಿಯೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗುಳಿಗೆ ಬೇಡ ಎನ್ನುವುದು ಹಳೆಯ ಮೂಲಭೂತವಾದಿಗಳ ಬೋಧನೆಯಲ್ಲ. ಅವರಲ್ಲಿ ಬಹಳ ಜನ, ಸ್ವಸ್ಥತೆಯ ವರ, ಅನ್ಯಭಾಷೆ (ಕಲಿಯದ ಭಾಷೆಯಲ್ಲಿ ಮಾತಾಡುವ ವರ) ಎಲ್ಲ ಅಪೊಸ್ತಲರ ಕಾಲಕ್ಕೇ ಮುಗಿದವು ಎನ್ನುತ್ತಿದ್ದರು. ಸ್ವಸ್ಥತೆಗೆ ಒತ್ತುಕೊಡುವ ಪೆಂತೆಕೊಸ್ತ್ ಧಾರೆ ಬೇರೆ. 1905ರಲ್ಲಿ ಮಹಾರಾಷ್ಟ್ರದ ಕೇಡಗಾಂವದ ಮುಕ್ತಿ ಮಿಷನ್ನಿನಲ್ಲಿ, ಕನ್ನಡ ನೆಲದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಆಶ್ರಯದಲ್ಲಿ ಅಂಥ ಉಜ್ಜೀವನ ನಡೆದಿತ್ತು. 1906ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆಯಿತು. ಆ ಧಾರೆಯಲ್ಲೂ ಆಸ್ಪತ್ರೆಗೆ ಹೋಗುವವರೇ ಹೆಚ್ಚು. ನಮ್ಮ ಓಣಿಗಳಲ್ಲಿ ಎರಡೂ ಕಲಸಿಹೋಗಿವೆ, ಅದಕ್ಕೇ ಯಾರು ಏನು ಹೇಳಿದರು ಎಂದು ನೋಡಿ ಮಾತಾಡಬೇಕು.

ಎಳ್ಳಮಾವಾಸ್ಯೆ. ಜೋಳ, ಕಡಲೆ ಹಸಿರಾಗಿ ನಿಂತ ಹೊಲದಲ್ಲಿ ಕಣಕಿಯ ಕೊಂಪೆ, ಒಳಗೆ ಪೂಜೆ, ಹೊಲದ ಸುತ್ತ ಅಡುಗೆ ಚೆಲ್ಲುವ ಚರಗ. ಪೂಜೆಗೆ ನಾನು ಕೈ ಮುಗಿಯುವುದಿಲ್ಲ. ಹೊಲದವರಿಗೆ ಅದು ಗೊತ್ತು, ಅವರು ಒತ್ತಾಯವನ್ನೂ ಮಾಡುವುದಿಲ್ಲ. ಆಮೇಲೆ ಎಲ್ಲರ ಜೊತೆ ಕೂತು ಉಣ್ಣುತ್ತೇನೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ತೊಗರಿ, ಅವರೆ, ಕಡಲೆ ಕಾಳಿಗೆ ಹುಣಸೆ ಹುಳಿ ಹಿಂಡಿ ಹಿಟ್ಟು ಕಲಸಿ ಕುದಿಸಿದ ಭಜ್ಜಿ, ಬೆಳ್ಳುಳ್ಳಿ ಹಾಕಿದ ಅಂಬಲಿ.

ಕೂಟದವರು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ ತೋರಿಸುತ್ತಾರೆ. ದೆವ್ವಗಳ ಪಂಕ್ತಿಯಲ್ಲಿ ಪಾಲುಗಾರರಾಗಬೇಡಿ ಎಂದು ಹತ್ತನೆಯ ಅಧ್ಯಾಯದಲ್ಲಿ ಇದೆ, ಅದು ನಿಜ. ಅದೇ ಅಧ್ಯಾಯದಲ್ಲಿ, ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿರಿ ಎಂದೂ ಇದೆ. ಇದು ವಿಗ್ರಹಕ್ಕೆ ಇಟ್ಟದ್ದು ಎಂದು ಯಾರಾದರೂ ಹೇಳಿದರೆ, ಹಾಗೆ ಹೇಳಿದವನ ಮನಸ್ಸಿಗಾಗಿ ಬಿಡಿ ಎಂದೂ ಇದೆ. ಅಂದರೆ ಪೌಲ ನೋಡುತ್ತಿರುವುದು ತಟ್ಟೆಯಷ್ಟೇ ಅಲ್ಲ, ಪಕ್ಕದಲ್ಲಿ ಕೂತ ಮನುಷ್ಯನನ್ನು. ನಿನ್ನ ಪಕ್ಕದಲ್ಲಿ ಈಗಷ್ಟೇ ವಿಶ್ವಾಸಕ್ಕೆ ಬಂದ ತಂಗಿಯೊಬ್ಬಳಿದ್ದು, ನೀನು ಉಂಡರೆ ಆಕೆ ಎಡವುತ್ತಾಳೆ ಎಂದಾದರೆ ಬಿಡು, ಅದಕ್ಕೆ ನನ್ನ ಒಪ್ಪಿಗೆ ಇದೆ.

ಆದರೆ ನಮ್ಮ ಜನರ ಕಥೆ ನಿನಗೂ ಗೊತ್ತು. ನಮ್ಮಲ್ಲಿ ಹೆಚ್ಚಿನವರ ಹಿರಿಯರು ಊರ ಹೊರಗಿನ ಕೇರಿಯವರು. ಬದುವಿನಾಚೆ ನಿಂತು ಸೆರಗೊಡ್ಡಿದವರಿಗೆ ಮೇಲಿನಿಂದ ರೊಟ್ಟಿ ಹಾಕುತ್ತಿದ್ದರು. ಅವರ ಮೊಮ್ಮಕ್ಕಳನ್ನು ಇವತ್ತು ಅದೇ ಹೊಲದವರು ಬಾ ಎಂದು ಕರೆದು ಸಾಲಿನಲ್ಲಿ ಕೂರಿಸಿ ಬಡಿಸಿದರೆ, ನಾವು ತಟ್ಟೆ ದೂಡಿ ಎದ್ದು ಬರಬೇಕೇ? ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ತನ್ನವರು ಬಂದ ಕೂಡಲೇ ಹಿಂದೆ ಸರಿದ. ಅದಕ್ಕೆ ಪೌಲ ಅಂತಿಯೋಕ್ಯದಲ್ಲಿ ಎಲ್ಲರೆದುರೇ ಅವನನ್ನು ಎದುರಿಸಿದ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ತೆಗೆದು ಓದು. ಜೊತೆಗೆ ಕೂತು ಉಣ್ಣುವುದು ಪೌಲನಿಗೆ ಸಣ್ಣ ಮಾತಾಗಿರಲಿಲ್ಲ.

ಇಂಥ ಕೂಟಗಳಲ್ಲಿ ಕೇಳಿಬರುವ ಉಳಿದ ಮಾತುಗಳಿಗೂ ಚಿಕ್ಕದಾಗಿ ಉತ್ತರ ಹೇಳುತ್ತೇನೆ. ಹೆಂಗಸರು ಸಭೆಯಲ್ಲಿ ಬೋಧಿಸಬಾರದು ಎಂದರೆ, ಯೇಸು ಎದ್ದದ್ದನ್ನು ಮೊದಲು ಸಾರಿದವಳು ಮಗ್ದಲದ ಮರಿಯಳು ಎಂದು ನೆನಪಿಸು. ಯೇಸು ಮತ್ತೆ ಬರುವ ದಿನವನ್ನು ಲೆಕ್ಕ ಹಾಕುವವರ ಮಾತು ಕೇಳಲೇಬೇಡ. ಅಮೆರಿಕದ ವಿಲಿಯಂ ಮಿಲ್ಲರ್ ಅವರನ್ನು ನಂಬಿದ ಸಾವಿರಾರು ಜನ 1844ರ ಅಕ್ಟೋಬರ್ 22ರ ರಾತ್ರಿಯೆಲ್ಲ ಕಾದು ಕೂತು ಬೆಳಗ್ಗೆ ಅತ್ತರು. ಆ ದಿನ ತನಗೂ ತಿಳಿಯದು ಎಂದು ಮಾರ್ಕನ ಸುವಾರ್ತೆಯಲ್ಲಿ ಯೇಸುವೇ ಹೇಳಿದ್ದಾನೆ. ಪಕ್ಕದ ಮನೆಯ ಮುಸ್ಲಿಮರು, ಲಿಂಗಾಯತರು, ಮಿಷನ್ ಬರುವ ಮೊದಲೇ ಸತ್ತ ನಮ್ಮದೇ ಮುತ್ತಜ್ಜಂದಿರು ನರಕಕ್ಕೆ ಹೋದರೆಂಬ ಪಟ್ಟಿಯನ್ನು ನಾನು ಓದುವುದಿಲ್ಲ. ಯೇಸುವೇ ಮಾರ್ಗ ಎಂದು ನಂಬುತ್ತೇನೆ. ತೀರ್ಪನ್ನು ಅವನು ನನ್ನ ಕೈಗೆ ಕೊಟ್ಟಿಲ್ಲ.

ಕೂಟ ಬಿಡಬೇಕೇ ಎಂದು ನೀನು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಆ ಪ್ರಶ್ನೆ ಇದೆ. ಪ್ರೀತಿ ಸಿಗುವ ಜಾಗವನ್ನು ಸುಮ್ಮನೆ ಬಿಡು ಎನ್ನಲಾರೆ. ಮುಂದಿನ ವಾರ ಹೋದಾಗ ಮೇಲಿನ ಅಧ್ಯಾಯಗಳನ್ನು ತೆರೆದು, ಎಲ್ಲರೂ ಕೂಡಿ ಓದೋಣ ಎಂದು ಕೇಳು. ಓದಲು ಒಪ್ಪಿದರೆ, ನಿನ್ನ ಪ್ರಶ್ನೆ ಕೇಳಿಸಿಕೊಂಡರೆ, ಉತ್ತರ ಬೇರೆಯಾದರೂ ಅಲ್ಲೇ ಇರು. ಪ್ರಶ್ನೆ ಕೇಳಿದ್ದೇ ಸೈತಾನನ ಕೆಲಸ ಎಂದರೆ ಒಂದೆರಡು ವಾರ ನೋಡಿ, ಮನೆಯವರ ಜೊತೆ ಮಾತಾಡಿ ತೀರ್ಮಾನ ಮಾಡು. ಆದರೆ ಯಾರಿಗಾದರೂ, ಬಸುರಿಗೋ ಮಗುವಿಗೋ ಮುದುಕರಿಗೋ, ಔಷಧ ನಿಲ್ಲಿಸು ಎಂದು ಅವರು ಹೇಳಿದ ದಿನವೇ ಅಲ್ಲಿಂದ ಎದ್ದು ಬಾ, ಆ ರೋಗಿಯನ್ನು ಜೊತೆಗೆ ಕರೆದುಕೊಂಡು ನೇರ ಆಸ್ಪತ್ರೆಗೆ ಹೋಗು.